ಅಕ್ಕಯಮ್ಮನ ಪ್ರಶ್ನೆ

ಅಕ್ಕಯಮ್ಮ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲೇ ದೊಡ್ಡಬೆಳವಂಗಲದ ಕಡೇ ಬಸ್ಸು ಹಾರನ್ ಹೊಡೆಯಿತು. ಸುತ್ತಲ ಹಳ್ಳಿಗಳ ಇಂಗ್ಲಿಷ್ ಮೇಷ್ಟರುಗಳು ಶನಿವಾರ ದೊಡ್ಡಬಳ್ಳಾಪುರದ ಶಾಲೆಯಲ್ಲಿ ಸೇರುತ್ತಿದ್ದರು. ಒಬ್ಬರು ಪಾಠ ಮಾಡಿದರೆ ಉಳಿದವರು ಬೆಂಚಿನ ಮೇಲೆ ಮಕ್ಕಳಾಗಿ ಕೂರಬೇಕು. ಇವತ್ತು, ಕೊನೆಗೂ, ಅವಳ ಸರದಿ.

ಅವಳು ಕಲಿಸುತ್ತಿದ್ದ ದೊಡ್ಡಬೆಳವಂಗಲದ ಶಾಲೆಯಲ್ಲಿ ಇಂಗ್ಲಿಷ್ ಪ್ರಶ್ನೆಗೆ ಯಾವ ಮಗುವೂ ಕೈ ಎತ್ತಿದ್ದಿಲ್ಲ. ಇಲ್ಲಾದರೂ ಒಂದು ಕೈ ಮೇಲೇಳುವುದನ್ನು ನೋಡಬೇಕೆಂದು ಜೀವ ಹಾತೊರೆಯುತ್ತಿತ್ತು.

"ಹೊರಡಮ್ಮಾ, ಬಸ್ಸು ತಪ್ಪೋಗುತ್ತೆ," ಎಂದರು ಹಿರಿಯರಾದ ಪಿಳ್ಳಪ್ಪ ಮೇಷ್ಟರು. ಸೀಮೆಸುಣ್ಣ ಹಿಡಿದುಕೊಂಡೇ ಓಡಿ ಬಸ್ಸು ಹತ್ತಿದಳು.

ಬಸ್ಸು ಶಾಲೆಯ ಗೇಟು ದಾಟುವಾಗ ಮೇಷ್ಟರುಗಳೆಲ್ಲ ಹೊರಗೆ ಬಂದು ಬಲಗೈ ಎತ್ತಿ ನಿಂತಿದ್ದರು. ಬೀಳ್ಕೊಡುತ್ತಿದ್ದಾರೆ ಎಂದುಕೊಂಡು ಅವಳೂ ಕೈ ಬೀಸಿದಳು. ಅಷ್ಟರಲ್ಲಿ ಕಚ್ಚೆಪಂಚೆಯ ಪಿಳ್ಳಪ್ಪ ಮೇಷ್ಟರು ತುದಿಗಾಲಲ್ಲಿ ನಿಂತು ಕೂಗಿದರು: "ನಾನ್ ಹೇಳ್ತೀನಿ ಟೀಚರ್! ನಾನ್ ಹೇಳ್ತೀನಿ!"