ಟಿವಿ ಒಪ್ಪಿದ ಫೈಲು

"ಈ ಫೈಲನ್ನು ತೋರಿಸಲಾಗುವುದಿಲ್ಲ" ಎಂದು ಟಿವಿ ಮತ್ತೊಮ್ಮೆ ಹೇಳಿದಾಗ ಅಳಿಯನ ಮುಖ ಹುಳ್ಳಗಾಯಿತು. ಉಳುಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತಿದ್ದ ಮಾವನ ಮುಖ ಮಾತ್ರ ಅರಳಿತು. ಮಾವ ಕೊಳಲು ಮೇಷ್ಟ್ರು. ಅಳಿಯ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು. ಇಂಥ ಅವಕಾಶವನ್ನು ಬಿಟ್ಟುಕೊಡುವ ಪೈಕಿಯಲ್ಲ ಮೇಷ್ಟ್ರು.

"ಏನು ಅಳಿಯಂದಿರೇ, ಟಿವಿ ನಿಮ್ಮ ಮಾತಿಗೂ ಸೊಪ್ಪು ಹಾಕ್ತಿಲ್ವಾ?"

"ಇದನ್ನ ಟಿವಿಗೆ ಬೇಕಾದ ಹಾಗೆ ಕನ್ವರ್ಟ್ ಮಾಡ್ಬೇಕು ಮಾವ," ಎಂದು ಅಳಿಯ ಗಂಟಲು ಎತ್ತರಿಸಿ ಹೇಳಿದ. ಇತ್ತೀಚೆಗೆ ಆ ಮನೆಯಲ್ಲಿ ಎಲ್ಲರೂ ಮಾವನ ಎದುರಿಗೆ ನಿಂತು, ಗಂಟಲು ಎತ್ತರಿಸಿಯೇ ಮಾತಾಡುತ್ತಿದ್ದರು. ಕಿವಿ ಡಾಕ್ಟರ ಹತ್ತಿರ ಹೋಗೋಣ ಎಂದರೆ ಮಾತ್ರ ಮಾವ ಕೆಂಡಾಮಂಡಲ. "ಕೊಳಲು ಮೇಷ್ಟ್ರ ಕಿವಿಗೆ ಪರೀಕ್ಷೆಯಂತೆ! ಆಮೇಲೆ ಪಾಠಕ್ಕೆ ಒಂದು ನರಪಿಳ್ಳೆ ಬರುತ್ತಾ?"

ಇವರಿಬ್ಬರ ನಡುವೆ ಉಗುರು ಕಚ್ಚುತ್ತ ಕೂತಿದ್ದವಳು ಅಳಿಯನ ಮಗಳು. ಕಾಲೇಜುಗಳ ಸ್ಪರ್ಧೆಯಲ್ಲಿ ಮೊದಲ ಸಲ ಒಬ್ಬಳೇ ವೇದಿಕೆ ಹತ್ತಿ, ಕೊಳಲು ನುಡಿಸಿ ಬಹುಮಾನ ತಂದಿದ್ದಳು. ಬಹುಮಾನ ಬಂದರೇನು, ತಾತ "ಚೆನ್ನಾಗಿತ್ತು" ಎನ್ನುವವರೆಗೆ ಅವಳ ಪಾಲಿಗೆ ಅದು ನುಡಿಸಿದ ಲೆಕ್ಕವಲ್ಲ. ಬೆರಳು ಕೊಳಲಿನ ತೂತಿಗೆ ಎಟುಕದ ವಯಸ್ಸಿನಿಂದ ಕಲಿಸಿದ ತಾತ ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಸ್ಪರ್ಧೆಗಾದರೂ ಬರುತ್ತಾರೆ ಎಂದರೆ ಹಿಂದಿನ ದಿನವೇ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡರು. ಸ್ಪರ್ಧೆಯ ವಿಡಿಯೋವನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಲು ಹೋದರೆ, "ಆ ಅಂಗೈಯಗಲದ ಪರದೆಯಲ್ಲಿ ಬೆರಳೇ ಕಾಣಲ್ಲ, ಟಿವಿಗೇ ಹಾಕಿ" ಎಂದು ಪಟ್ಟು ಹಿಡಿದರು.

ಅಳಿಯ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡ. ಮೊದಲ ಪ್ರಯತ್ನದಲ್ಲಿ ಮಗಳು ಟಿವಿಯ ಉದ್ದಗಲಕ್ಕೂ ಹಿಗ್ಗಿ, ಗುಂಡಗೆ ಕಂಡಳು. "ಒಂದು ಬಹುಮಾನಕ್ಕೇ ಇಷ್ಟು ಊದಿಕೊಂಡುಬಿಟ್ಯಾ?" ಎಂದರು ಮಾವ. ಎರಡನೆಯದರಲ್ಲಿ ವೇದಿಕೆ ಸಮೇತ ಅಡ್ಡ ಬಿದ್ದಿದ್ದಳು. ಮಾವ ಕತ್ತು ವಾಲಿಸಿ ನೋಡಿ, "ಮಲಗಿ ನುಡಿಸೋದನ್ನ ನಾನಂತೂ ಕಲಿಸಿಲ್ಲಪ್ಪ" ಎಂದರು. ಅಳಿಯ ಹಣೆ ಒರೆಸಿಕೊಂಡು ಇನ್ನೊಮ್ಮೆ ಕನ್ವರ್ಟ್ ಮಾಡಿ, ಪೆನ್ ಡ್ರೈವನ್ನು ಟಿವಿಯ ಬೆನ್ನಿಗೆ ಸಿಕ್ಕಿಸಿದ.

ಈ ಸಲ ಟಿವಿ ಒಪ್ಪಿತು. ಮಗಳು ನೆಟ್ಟಗೆ ಕೂತಿದ್ದಳು, ಅವಳ ಅಳತೆಗೇ ಇದ್ದಳು. ಕೊಳಲು ತುಟಿಗೆ ಬಂತು, ಬೆರಳುಗಳು ಓಡತೊಡಗಿದವು. ಸದ್ದು ಮಾತ್ರ ಇಲ್ಲ. ಅಳಿಯ ನಾಲಿಗೆ ಕಚ್ಚಿಕೊಂಡ. ಚಿತ್ರವನ್ನು ಸರಿಪಡಿಸುವ ಗಡಿಬಿಡಿಯಲ್ಲಿ ಧ್ವನಿಯನ್ನು ಮೊದಲಿದ್ದ ಹಾಗೆಯೇ ಬಿಟ್ಟುಬಿಟ್ಟಿದ್ದ. ಲ್ಯಾಪ್‌ಟಾಪ್ ಒಪ್ಪುತ್ತಿದ್ದ ಆ ಧ್ವನಿಯನ್ನು ಟಿವಿ ಒಪ್ಪಿರಲಿಲ್ಲ. "ಒಂದ್ನಿಮಿಷ, ಸೌಂಡ್..." ಎನ್ನುತ್ತ ಎದ್ದವನು ಅಲ್ಲೇ ನಿಂತ.

ಮಾವ ಮುಂದಕ್ಕೆ ಬಾಗಿ, ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತಲೆ ತೂಗುತ್ತಿತ್ತು. ಕಣ್ಣು ಮಾತ್ರ ಪರದೆಯಿಂದ ಕದಲಲಿಲ್ಲ. ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಕಿವಿ ಸ್ವಲ್ಪ ಮಂದವಾಗಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಕೊಳಲೇ ಕೇಳಿಸದಷ್ಟು ಎಂದು ಗೊತ್ತಿರಲಿಲ್ಲ. ಈಚೆಗೆ ತಾತ ಶಿಷ್ಯರನ್ನೆಲ್ಲ ಕಿಟಕಿಯ ಬೆಳಕಿಗೆ, ತಮ್ಮ ಎದುರಿಗೇ ಯಾಕೆ ಕೂರಿಸುತ್ತಾರೆ ಎಂಬುದು ಆಗ ಅವಳಿಗೆ ಹೊಳೆಯಿತು. ವಿಡಿಯೋ ನಿಲ್ಲಿಸಲು ಹೊರಟ ಅಪ್ಪನನ್ನು ಕಣ್ಣಲ್ಲೇ ತಡೆದಳು.

ವಿಡಿಯೋ ಮುಗಿಯಿತು. ಮಾವ ಸೋಫಾಕ್ಕೆ ಒರಗಿದರು.

"ಎರಡನೇ ಸಾಲು ಎತ್ಕೊಳ್ಳುವಾಗ ಉಂಗುರದ ಬೆರಳು ತಡವಾಗಿ ಎದ್ದಿತು."

"ಹೂಂ ತಾತ." ತೀರ್ಪುಗಾರರು ಹೇಳಿದ್ದೂ ಅದನ್ನೇ.

"ಕೊನೇಲಿ ಒಂದು ಕಡೆ ಉಸಿರು ಕದ್ದೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ್ಯಾ? ಭುಜ ಎದ್ದಿತು."

"ಹೂಂ." ಇದನ್ನು ತೀರ್ಪುಗಾರರೂ ಕಂಡುಹಿಡಿದಿರಲಿಲ್ಲ.

ಅವಳು ತಾತನ ಎದುರಿಗೆ ಬಂದು ನೆಲದ ಮೇಲೆ ಕೂತು, ತುಟಿ ಕಾಣುವಂತೆ ಮುಖ ಎತ್ತಿ ಕೇಳಿದಳು. "ಸ್ವರ ಹೇಗಿತ್ತು ತಾತ?"

ಅಳಿಯ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟ.

"ಹಾಗೆ ಬೆರಳಿಟ್ಟು ಹಾಗೆ ಊದಿದ್ರೆ ಕೆಟ್ಟ ಸ್ವರ ಎಲ್ಲಿಂದ ಬರುತ್ತೆ?" ಎಂದರು ಮಾವ. ಗಡ್ಡ ಕೆರೆದುಕೊಂಡರು. "ಚೆನ್ನಾಗಿತ್ತು ಕಣೇ. ತುಂಬಾ ಚೆನ್ನಾಗಿತ್ತು."

ಮೊಮ್ಮಗಳು ಅವರ ಮಡಿಲಲ್ಲಿ ಮುಖ ಹುದುಗಿಸಿ ಗಳಗಳನೆ ಅತ್ತಳು. ಮಾವ ಗಾಬರಿಯಾಗಿ ಅವಳ ತಲೆ ಸವರುತ್ತ ಅಳಿಯನ ಕಡೆ ತಿರುಗಿದರು. "ನೋಡಿದ್ರಾ? ಇದಕ್ಕೇ ನಾನು ಯಾರನ್ನೂ ಹೊಗಳಲ್ಲ. ಇರಲಿ, ಇನ್ನೊಂದ್ಸಲ ಹಾಕಿ. ಹಾಗೇ ಸೌಂಡ್ ಸ್ವಲ್ಪ ಕಮ್ಮಿ ಮಾಡಿ, ಪಕ್ಕದ ಮನೆ ಮಗು ಮಲಗಿರುತ್ತೆ."

ಅಳಿಯ ರಿಮೋಟ್ ಎತ್ತಿಕೊಂಡು ಒತ್ತಿದ. ಸದ್ದಿಲ್ಲದ ಪರದೆಯ ಮೂಲೆಯಲ್ಲಿ ಸೌಂಡ್ ಎಷ್ಟಿದೆಯೆಂದು ತೋರಿಸುವ ಬಿಳಿ ಗೆರೆಯೊಂದು ಇಷ್ಟಿಷ್ಟೇ ಕಿರಿದಾಗುತ್ತ ಬಂತು.

"ಸಾಕಾ ಮಾವ?"

ಮಾವ ಆ ಗೆರೆಯನ್ನೇ ನೋಡುತ್ತಿದ್ದರು. "ಹಾಂ," ಎಂದರು, "ಈಗ ಹಿತವಾಗಿದೆ."