ಕೈ ಎಟುಕದ ಜಾಗ

ಸಮುದ್ರದ ದಂಡೆಗೆ ಒಬ್ಬನೇ ಬಂದಿದ್ದ ನಿವೃತ್ತ ಇನ್ಸ್‌ಪೆಕ್ಟರಿಗೆ ಬೆನ್ನಿನ ನಡುವಿಗೆ ಕೈ ಎಟುಕಲಿಲ್ಲ. ಸನ್‌ಸ್ಕ್ರೀನ್ ಟ್ಯೂಬನ್ನು ಎಳನೀರು ಮಾರುವವನ ಕಡೆ ಚಾಚಿದ.

"ಏಯ್, ಇದನ್ನ ಬೆನ್ನಿಗೆ ಹಚ್ಚಯ್ಯ. ನಂದು ಬಿಸಿಲು ತಡೆಯೋ ಚರ್ಮ ಅಲ್ಲ."

ಟವೆಲಿನ ಮೇಲೆ ಬೋರಲು ಮಲಗಿದ. ಎಳನೀರಿನವನು ಕತ್ತಿ ಕೆಳಗಿಟ್ಟು ಕ್ರೀಮು ಹಚ್ಚತೊಡಗಿದ.

"ಸಾರ್ ಈ ಊರಿನ ಸ್ಟೇಷನ್ನಿನಲ್ಲಿ ಇದ್ದವರಲ್ವಾ?"

"ನೆನಪಿದೆಯಾ? ನನ್ನ ಕೈಗೆ ಸಿಕ್ಕಿದ್ರೆ ಕದಿಯದವನೂ ಕದ್ದೆ ಅಂತಿದ್ದ. ಹೀಗೇ ಬೋರಲು ಹಾಕಿ ಲಾಠಿ ಬೀಸ್ತಿದ್ದೆ."

"ಬೆನ್ನಿಗಾ ಸಾರ್?"

"ಬೆನ್ನಿಗೇ. ಭುಜದಿಂದ ಸೊಂಟಕ್ಕೆ, ಓರೆಯಾಗಿ. ಒಂದು ಏಟು ಬಿದ್ದ ಕಡೆ ಇನ್ನೊಂದು ಬೀಳಬಾರದು, ಸಾಲಾಗಿ ಏಳಬೇಕು. ಕೆಲವರು ಅಲ್ಲೇ ಉಚ್ಚೆ ಹೊಯ್ಕೊಳ್ತಿದ್ರು." ನಕ್ಕ.

"ಹೌದು ಸಾರ್."

"ಅದೇನದು, ಬಟ್ಟೆಯಲ್ಲಿ ಗೀರ್ತಾ ಇದ್ದೀಯಾ?"

"ಅಲ್ಲಲ್ಲಿ ಮರಳು ಅಂಟಿದೆ ಸಾರ್. ಒರೆಸ್ತಾ ಇದ್ದೇನೆ. ನೀವು ಮಲಗಿ."

"ಕೈ ಹದವಾಗಿದೆ ಕಣಯ್ಯ ನಿಂದು," ಎನ್ನುತ್ತ ಇನ್ಸ್‌ಪೆಕ್ಟರ್ ಹಾಗೇ ನಿದ್ದೆಹೋದ. ಎಚ್ಚರವಾದಾಗ ಹೊತ್ತು ಇಳಿದಿತ್ತು. ಎಳನೀರಿನವನು ಅಲ್ಲಿರಲಿಲ್ಲ.

ಲಾಡ್ಜಿಗೆ ಬಂದವನು ಬೆನ್ನಿನ ಉರಿ ತಾಳಲಾರದೆ ಅಂಗಿ ಕಿತ್ತೆಸೆದು, ಕನ್ನಡಿಗೆ ಬೆನ್ನು ಮಾಡಿ ಕತ್ತು ಹೊರಳಿಸಿದ. ಕ್ರೀಮು ಒರೆಸಿ ತೆಗೆದ ಕಡೆಯೆಲ್ಲ ಚರ್ಮ ಸುಟ್ಟು, ಭುಜದಿಂದ ಸೊಂಟಕ್ಕೆ ಓರೆಯಾಗಿ, ಒಂದಕ್ಕೊಂದು ತಾಗದಂತೆ, ಸಾಲು ಸಾಲು ಬಾಸುಂಡೆ ಎದ್ದಿತ್ತು.