ತೊಟ್ಟಿಗೆ ಹಾಕಿದ ನೀಲಿ

ಬಟ್ಟೆಗೆ ಹಾಕುವ ನೀಲಿ ಪುಡಿ ಕಂಡರೆ ಈಗಲೂ ಮುಳಬಾಗಿಲಿನ ನಮ್ಮ ಬಚ್ಚಲುಮನೆ ನೆನಪಾಗುತ್ತದೆ. ಅಮ್ಮ ಬೆಳಿಗ್ಗೆ ಬಾವಿಯಿಂದ ಸೇದಿ ತುಂಬಿಸಿದ ಕಲ್ಲುತೊಟ್ಟಿ ಸಂಜೆಯೊಳಗೆ ಅರ್ಧಕ್ಕಿಳಿಯುತ್ತಿತ್ತು.

"ಪೂರ್ತಿ ತುಂಬ್ಸೋಕೇನು ಬೇಜಾರಾ?" ಒಂದು ಸಂಜೆ ಕಚೇರಿಯಿಂದ ಬಂದ ಅಪ್ಪ ರುಮಾಲು ಬಿಚ್ಚುತ್ತ ರೇಗಿದರು. ಹೂ ಕಟ್ಟುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ.

"ನೀರು ಎಲ್ಲಿಗೆ ಹೋಗುತ್ತೋ ನೋಡೇ ಬಿಡ್ತೀನಿ," ಎಂದಳು ಅಮ್ಮ.

ಮರುದಿನ ಮಧ್ಯಾಹ್ನ ಸೆರಗು ಸಿಕ್ಕಿಸಿ, ತೊಟ್ಟಿಯ ನೀರಿಗೆ ನೀಲಿ ಕಲಕಿದಳು. "ಹಿತ್ತಲಲ್ಲಿ ನಿಂತು ನೋಡೇ," ಎಂದು ನನ್ನನ್ನು ಕಳಿಸಿದಳು. ಸ್ವಲ್ಪ ಹೊತ್ತಿಗೆ ಗೋಡೆಯ ಬುಡದಿಂದ ನೀಲಿ ನೀರು ಎಳೆಯಾಗಿ ಹರಿದು, ಅಜ್ಜಿಯ ಕನಕಾಂಬರದ ಪಾತಿಗೆ ಇಳಿಯಿತು. ನಾನು ಕೂಗಿದೆ.

ಅಮ್ಮ ಬಂದು ಕುಕ್ಕರಗಾಲಲ್ಲಿ ಕೂತು, ತೊಟ್ಟಿಯ ತೂತಿಗೆ ಹೊರಗಿನಿಂದ ಜಡಿದಿದ್ದ ಮರದ ಬಿರಡೆಯನ್ನು ತಡವಿದಳು. ಅದರ ಪಕ್ಕದಲ್ಲಿ ಯಾರೋ ಪೊರಕೆ ಕಡ್ಡಿ ತುರುಕಿದ್ದರು. ಅಮ್ಮನ ಕೈ ತನ್ನ ಮುಡಿಯಲ್ಲಿದ್ದ, ಅಜ್ಜಿ ಕಟ್ಟಿಕೊಟ್ಟ ಕನಕಾಂಬರಕ್ಕೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಕಡ್ಡಿ ಕಿತ್ತೆಸೆದು, ಬಿರಡೆಯ ಸುತ್ತ ಹಳೆ ಬಟ್ಟೆ ತುಂಬಿ, ಗುಂಡುಕಲ್ಲಿನಿಂದ ಬಡಿದು ಬಿಗಿ ಮಾಡಿದಳು.

ಸಂಜೆ ಅಪ್ಪನಿಗೆ, "ಬಿರಡೆ ಸಡಿಲ ಆಗಿತ್ತು, ಸರಿ ಮಾಡಿದೀನಿ," ಎಂದಷ್ಟೇ ಹೇಳಿದಳು.

ಮಾರನೆಯ ಬೆಳಿಗ್ಗೆ ಸೇದಿದ ಮೊದಲ ಕೊಡವನ್ನು, ಅಜ್ಜಿ ನೋಡುತ್ತಿದ್ದಂತೆಯೇ, ಕನಕಾಂಬರದ ಬುಡಕ್ಕೆ ಸುರಿದಳು.